ಮನೆಗೆ ಬೇಕಾದ ಬೆಂಚು, ಮೇಜು ನಾವೇ ಮಾಡ್ಲಿಕ್ಕೆ ಆಗ್ತದಾ? ಬಲ್ಲವರು ಹೇಳಿ

ಕೊಟ್ಟಾರದ ಹೊಸಬ

ನಮಸ್ಕಾರ. ಮಂಗಳೂರು ಕೊಟ್ಟಾರದಲ್ಲಿ ಎರಡನೇ ಮಹಡಿಯ ಫ್ಲ್ಯಾಟು. ಊಟದ ಮೇಜು ಒಂದು, ಅದಕ್ಕೆ ಉದ್ದ ಬೆಂಚು ಎರಡು, ಮತ್ತೆ ಒಂದು ಪುಸ್ತಕದ ಕಪಾಟು ಬೇಕು. ಅಂಗಡಿಯಲ್ಲಿ ಕಂಡದ್ದು ಹೆಚ್ಚಿನದ್ದೆಲ್ಲ ಪಾರ್ಟಿಕಲ್ ಬೋರ್ಡು. ಮಳೆಗಾಲದಲ್ಲಿ ಅದರ ಅಂಚು ಉಬ್ಬುದನ್ನು ಅಕ್ಕನ ಮನೆಯಲ್ಲೇ ನೋಡಿದ್ದೇನೆ. ಆಚಾರಿಗಳು ಸಣ್ಣ ಕೆಲಸಕ್ಕೆ ಬರುದಿಲ್ಲ, ಅವರಿಗೂ ದೊಡ್ಡ ಮನೆ ಕೆಲಸವೇ ಬೇಕಾದಷ್ಟು ಉಂಟು. ಹಾಗಾಗಿ ನಾನೇ ಮಾಡುವ ಅಂತ ಹೊರಟಿದ್ದೇನೆ.

ನನ್ನ ಹತ್ರ ಇರುದು ಒಂದು ಡ್ರಿಲ್ಲು, ಒಂದು ಸುತ್ತಿಗೆ. ಜಾಗ ಅಂದ್ರೆ ಬಾಲ್ಕನಿ. ಬಂಟ್ವಾಳದಲ್ಲಿ ಅಜ್ಜನ ಮನೆಯ ಹಂಚು ಇಳಿಸಿ ಶೀಟು ಹಾಕಿಸ್ತಿದ್ದಾರೆ, ಅಲ್ಲಿ ಹಳೆ ಪಕ್ಕಾಸು (ಮಾಡಿನ, ಅಂದ್ರೆ ಛಾವಣಿಯ ಓರೆ ಮರ), ರೀಪು (ಹಂಚು ಕೂರುವ ಅಡ್ಡಪಟ್ಟಿ) ರಾಶಿ ಬಿದ್ದಿದೆ. ಅದು ಯಾವುದಕ್ಕಾದ್ರೂ ಆಗ್ತದಾ? ಯೂಟ್ಯೂಬಿನಲ್ಲಿ ನೋಡಿದ್ರೆ ಎಲ್ಲ ಪೈನ್ ಮರ, ಟೇಬಲ್ ಸಾ, ನಮ್ಮ ಫ್ಲ್ಯಾಟಿಗಿಂತ ದೊಡ್ಡ ಗ್ಯಾರೇಜು. ನಮ್ಮ ಊರಿಗೆ ಹೊಂದುವ ಹಾಗೆ ಹೇಳಿ.

ಕೀಸುಳಿ

ಆ ಪಕ್ಕಾಸನ್ನು ಸೌದೆಗೆ ಕೊಡಲಿಕ್ಕೆ ಬಿಡ್ಬೇಡಿ ಮಾರಾಯ್ರೆ! ಇವತ್ತೇ ಫೋನು ಮಾಡಿ ಹೇಳಿ.

ನಮ್ಮ ಕಡೆಯ ಹಳೆ ಮನೆಗಳ ಮಾಡಿನಲ್ಲಿ ತೇಗ, ಹಲಸು, ಹೆಬ್ಬಲಸು, ಮತ್ತಿ, ಬೋಗಿ ಇವೆಲ್ಲ ಸಿಗ್ತದೆ. ಎಷ್ಟೋ ವರ್ಷ ಹಂಚಿನ ಅಡಿಯಲ್ಲಿ ಒಣಗಿದ ಮರ ಅದು. ಅಷ್ಟು ಹದವಾದ ಮರ ಹೊಸತಾಗಿ ತೆಗೊಳ್ಳುವ ಅಂದ್ರೆ ಸುಲಭ ಇಲ್ಲ. ಆದ್ರೆ ಎಲ್ಲ ತುಂಡೂ ಒಳ್ಳೆದಿರುದಿಲ್ಲ. ಗೋಡೆಗೆ ತಾಗಿದ ತುದಿ ಮತ್ತು ಹಂಚು ಒಡೆದು ನೀರು ಬೀಳ್ತಿದ್ದ ಜಾಗ ಒಳಗೆ ಪೊಳ್ಳಾಗಿರ್ತದೆ. ಉಳಿಯ ಮೊನೆಯಿಂದ ಚುಚ್ಚಿ ನೋಡಿ, ಮೆತ್ತಗೆ ಇಳಿದ್ರೆ ಅಷ್ಟು ಭಾಗ ಕತ್ತರಿಸಿ ಬಿಸಾಡಿ. ಸಣ್ಣ ಸಣ್ಣ ತೂತು ಇದ್ದು ಕೆಳಗೆ ಹಿಟ್ಟಿನ ಹಾಗೆ ಪುಡಿ ಉದುರ್ತಾ ಇದ್ರೆ ಮರ ಕೊರೆಯುವ ಕುಟ್ಟೆ ಹುಳ ಇನ್ನೂ ಒಳಗುಂಟು, ಅದನ್ನು ಮನೆಗೇ ತರಬೇಡಿ. ತೂತು ಹಳೆಯದು, ಪುಡಿ ಬೀಳುದಿಲ್ಲ ಅಂದ್ರೆ ತೊಂದರೆ ಕಡಿಮೆ.

ಎರಡನೇದು ಆಣಿ. ರೀಪು ಹೊಡೆದ ಆಣಿ ಮುರಿದು ಒಳಗೇ ಕೂತಿರ್ತದೆ, ಕಣ್ಣಿಗೆ ಕಾಣುದಿಲ್ಲ. ಒಂದು ಬಲವಾದ ಅಯಸ್ಕಾಂತವನ್ನು ನೂಲಿಗೆ ಕಟ್ಟಿ ಮರದ ಮೇಲಿಂದ ಎಳೀರಿ, ಎಳೆದ ಕಡೆ ಗುರುತು ಹಾಕಿ, ಕಿತ್ತು ತೆಗೀರಿ. ಆಮೇಲೆ ಮರದ ಮಿಲ್ಲಿಗೆ ಕೊಟ್ಟು ನಾಲ್ಕು ಬದಿ ಯಂತ್ರದಲ್ಲಿ ಕೀಸಿ ಪ್ಲೇನ್ ಮಾಡಿಸಿ. ಆಣಿ ಇರುವ ಮರ ಕೊಟ್ಟು ಅವರ ಬ್ಲೇಡು ಹೋದ್ರೆ ಮತ್ತೆ ನಿಮ್ಮನ್ನು ಗೇಟಿನ ಒಳಗೆ ಬಿಡುದಿಲ್ಲ.

ಮೊದಲು ಮೇಜಿಗೆ ಕೈ ಹಾಕ್ಬೇಡಿ. ಬೆಂಚು ಮಾಡಿ.

ಪಡುಬಿದ್ರಿ ಅಕ್ಕ

ಬೆಂಚೂ ಬೇಡ, ಮೊದಲು ಒಂದು ಮಣೆ ಮಾಡಿ ಅಂತ ನಾನು ಹೇಳುದು. ನಗ್ಬೇಡಿ. ಒಂದು ಹಲಸಿನ ಹಲಗೆ, ಅಡಿಗೆ ಅಡ್ಡ ಎರಡು ಪಟ್ಟಿ, ಅಷ್ಟೇ. ಆದ್ರೆ ಅಳತೆ, ಗೆರೆ ಹಾಕುದು, ನೇರ ಕೊಯ್ಯುದು, ಅಂಚು ಕೀಸುದು, ಉಜ್ಜುದು, ಎಣ್ಣೆ ಕೊಡುದು ಎಲ್ಲ ಅದರಲ್ಲೇ ಬರ್ತದೆ. ಹಾಳಾದ್ರೂ ಹೋಗುದು ಒಂದೂವರೆ ಅಡಿ ಮರ. ಚೆಂದ ಆದ್ರೆ ಬಂದವರಿಗೆ ಕೂರ್ಲಿಕ್ಕೆ ಕೊಡ್ಬಹುದು.

ನಾನು ಮಗಳ ಓದುವ ಮೇಜು ಮಾಡಿದ್ದು ಇದೇ ದಾರಿಯಲ್ಲಿ. ಮಣೆ, ಆಮೇಲೆ ಚಪ್ಪಲಿ ಸ್ಟ್ಯಾಂಡು, ಆಮೇಲೆ ಮೇಜು. ನಮ್ಮ ಮನೆಯವರು ಇದೆಲ್ಲ ಎಂತಕ್ಕೆ ಅಂತ ಕೇಳ್ತಿದ್ದವರು ಈಗ ತಾವೇ ಉಳಿ ಮಸೀತಾರೆ.

ಉಡುಪಿ ಇಂಟೀರಿಯರ್ಸ್

ಹಳೆ ಮರದ ಮೇಲೆ ಎಲ್ಲರಿಗೂ ಪ್ರೀತಿ, ಆದ್ರೆ ಫ್ಲ್ಯಾಟಿನ ಬಾಲ್ಕನಿಯಲ್ಲಿ ಪಕ್ಕಾಸು ಕೀಸ್ತಾ ಕೂತ್ರೆ ಕೆಳಗಿನ ಮನೆಯವರು ಎರಡೇ ದಿನದಲ್ಲಿ ಮೇಲೆ ಬರ್ತಾರೆ. ಹೊಸಬರಿಗೆ ಪ್ಲೈವುಡ್ಡೇ ಸರಿ. 8×4 ಅಡಿ ಶೀಟು, ಡೊಂಕಿಲ್ಲ, ಹಿಗ್ಗುದು ಕುಗ್ಗುದು ತೀರಾ ಕಡಿಮೆ. ಬೇಕಾದ ತುಂಡುಗಳ ಅಳತೆಯ ಪಟ್ಟಿ (ಕಟ್ ಲಿಸ್ಟ್) ಬರ್ಕೊಂಡು ಹೋದ್ರೆ ಯಂತ್ರದಲ್ಲಿ ಅಳತೆಗೆ ಕೊಯ್ದು ಕೊಡುವ ಅಂಗಡಿಗಳೂ ಉಂಟು. ನಿಮಗೆ ಉಳಿಯುದು ಜೋಡಿಸುವ ಕೆಲಸ ಮಾತ್ರ.

ಆದ್ರೆ ಗ್ರೇಡ್ ನೋಡಿ. ಐಎಸ್ (ಭಾರತೀಯ ಮಾನಕ) 303 ಗುರುತಿನಡಿ ಎಂಆರ್, ಬಿಡಬ್ಲ್ಯುಆರ್ (ಕುದಿನೀರು ತಡೆಯುವಂಥದ್ದು) ಅಂತ ಎರಡು ಬರ್ತದೆ. ಎಂಆರ್ ಅಂದ್ರೆ ತೇವಾಂಶ ಸ್ವಲ್ಪ ತಡೀತದೆ ಅಂತ ಮಾತ್ರ, ನೀರು ತಡೆಯುದಿಲ್ಲ. ನಮ್ಮ ಊರಲ್ಲಿ ಬಿಡಬ್ಲ್ಯುಆರ್‌ಗಿಂತ ಕೆಳಗೆ ಇಳಿಯಬೇಡಿ. ಅಡುಗೆಮನೆ ಸಿಂಕಿನ ಅಡಿ, ಬಾತ್‌ರೂಮಿನ ಹತ್ರ ಆದ್ರೆ ಐಎಸ್ 710, ಅಂದ್ರೆ ಮರೀನ್. ಮತ್ತೆ ಕೊಯ್ದ ಅಂಚನ್ನು ಹಾಗೇ ಬಿಡ್ಬಾರ್ದು. ನೀರು ಒಳಗೆ ಹೋಗುದೇ ಅಲ್ಲಿಂದ. ಮರದ ತೆಳು ಪಟ್ಟಿ (ಬೀಡಿಂಗ್) ಹೊಡೀರಿ, ಇಲ್ಲಾಂದ್ರೆ ಎರಡು ಕೋಟ್ ಪ್ರೈಮರ್ ಆದ್ರೂ ಕೊಡಿ.

ಸುರತ್ಕಲ್ ಲೆಕ್ಕ

ಪ್ಲೈ ಪರವಾಗಿ ಹೇಳಿದ್ದು ಕಪಾಟಿಗೆ ಸರಿ, ಬೆಂಚಿಗೆ ಅಲ್ಲ. ಆದ್ರೆ ಗಟ್ಟಿ ಮರ ಹಿಡಿದವರು ಒಂದು ವಿಷಯ ತಿಳ್ಕೊಳ್ಳಲೇಬೇಕು. ಯೂಟ್ಯೂಬಿನವರು ಇದನ್ನು ಹೇಳಿದ್ರೂ ನಮ್ಮ ಹವೆಗೆ ಲೆಕ್ಕ ಹಾಕಿ ಹೇಳುದಿಲ್ಲ.

ಮರ ಉದ್ದಕ್ಕೆ ಹಿಗ್ಗುದಿಲ್ಲ ಅಂತಲೇ ಇಟ್ಕೊಳ್ಳಿ. ಅಗಲಕ್ಕೆ ಹಿಗ್ತದೆ. ತೇಗ ಹಸಿಯಿಂದ ಪೂರ್ತಿ ಒಣಗುವಾಗ ಅಗಲದಲ್ಲಿ ಶೇ 5.8ರಷ್ಟು ಕುಗ್ತದೆ, ಇದು ಹಲಗೆಯನ್ನು ವರ್ಷದ ಉಂಗುರಗಳಿಗೆ ಸಮಾನಾಂತರವಾಗಿ ಕೊಯ್ದಾಗ. ಉಂಗುರಗಳಿಗೆ ಅಡ್ಡ ಕೊಯ್ದ ಹಲಗೆಯಲ್ಲಿ ಶೇ 2.5 ಮಾತ್ರ. ಮರದ ಒಳಗಿನ ತೇವಾಂಶ ಸುಮಾರು ಶೇ 30ಕ್ಕಿಂತ ಕೆಳಗೆ ಇಳಿದ ಮೇಲೆಯೇ ಈ ಕುಗ್ಗುವಿಕೆ ಶುರು. ಈಗ ಜನವರಿಯಲ್ಲಿ ಶೇ 10 ತೇವಾಂಶ ಇದ್ದ 24 ಇಂಚು ಅಗಲದ ತೇಗದ ಮೇಲ್ಹಲಗೆ ಜುಲೈಯಲ್ಲಿ ಶೇ 16ಕ್ಕೆ ಏರಿತು ಅಂತ ಇಟ್ಕೊಳ್ಳಿ. 5.8ನ್ನು 30ರಿಂದ ಭಾಗಿಸಿ 6ರಿಂದ ಗುಣಿಸಿ, ಶೇ 1.16. ಅಂದ್ರೆ 24 ಇಂಚಿಗೆ ಕಾಲಿಂಚಿಗಿಂತ ಸ್ವಲ್ಪ ಜಾಸ್ತಿ, 7 ಮಿಲಿಮೀಟರ್.

ಆ 7 ಮಿಲಿಮೀಟರನ್ನು ಸ್ಕ್ರೂ ಹಾಕಿ, ಗೋಂದು ಹಾಕಿ ತಡೆಯುವ ಅಂತ ಹೊರಟ್ರೆ ಹಲಗೆ ಸೀಳ್ತದೆ, ಇಲ್ಲಾ ಬಾಗ್ತದೆ. ತಡೀಲಿಕ್ಕೆ ಹೋಗ್ಬೇಡಿ, ಜಾಗ ಬಿಡಿ. ಮೇಜಿನ ಮೇಲ್ಹಲಗೆಯನ್ನು ಚೌಕಟ್ಟಿಗೆ ಕೂರಿಸುವಾಗ ನಡುವೆ ಮಾತ್ರ ಬಿಗಿ ಸ್ಕ್ರೂ, ಎರಡೂ ಬದಿಗೆ ಸ್ಕ್ರೂವಿನ ತೂತನ್ನು ಅಗಲದ ದಿಕ್ಕಿಗೆ ಉದ್ದ ಮಾಡಿ. ವಾಷರ್ ಹಾಕಿ ಬಿಗಿಸಿದ್ರೆ ಮರ ಅದರಡಿ ಜಾರ್ತದೆ.

ಅಕ್ಕ ಹೇಳಿದ ಮಣೆಯ ಗುಟ್ಟೂ ಇದೇ. ಹಳೆ ಆಚಾರಿಗಳು ಮಾಡಿದ ಮಣೆಯನ್ನು ಮಗುಚಿ ನೋಡಿ. ಅಡ್ಡಪಟ್ಟಿಗೆ ಆಣಿ ಇರುದಿಲ್ಲ, ಹಲಗೆಯಲ್ಲಿ ಒಳಗೆ ಅಗಲ, ಬಾಯಿಗೆ ಕಿರಿದಾದ ಕಾಲುವೆ ಕೊರೆದು ಪಟ್ಟಿಯನ್ನು ಬದಿಯಿಂದ ತೂರಿಸಿರ್ತಾರೆ. ಹಲಗೆ ಹಿಗ್ಗಿದ್ರೆ ಪಟ್ಟಿಯ ಮೇಲೆ ಜಾರ್ತದೆ, ಆದ್ರೆ ಬಾಗ್ಲಿಕ್ಕೆ ಬಿಡುದಿಲ್ಲ.

ಕೀಸುಳಿ

ಸರಿಯಾಗಿ ಹೇಳಿದ್ರಿ. ನಮ್ಮ ತಂದೆಗೆ ಈ ಶೇಕಡಾ ಲೆಕ್ಕ ಗೊತ್ತಿರ್ಲಿಲ್ಲ. ಆದ್ರೆ ಬಾಗಿಲು ಮಾಡುವಾಗ ಬೇಸಿಗೆಯಲ್ಲಿ ದಾರಂದಕ್ಕೆ ಎಷ್ಟು ಸಂದು ಬಿಡ್ಬೇಕು, ಮಳೆಯಲ್ಲಿ ಎಷ್ಟು ಅಂತ ಬೇರೆ ಬೇರೆ ಹೇಳ್ತಿದ್ರು.

ಕೊಟ್ಟಾರದ ಹೊಸಬ

ಎಲ್ಲರಿಗೂ ಧನ್ಯವಾದ. ಅಜ್ಜನ ಮನೆಗೆ ಹೇಳಿದ್ದೇನೆ, ಪಕ್ಕಾಸು ಕೊಟ್ಟಿಗೆಯಲ್ಲಿ ಇಡಿಸಿದ್ದಾರೆ. ಹೆಚ್ಚಿನವು 4 ಇಂಚು ಅಗಲ, 2 ಇಂಚು ದಪ್ಪ. ಮುಚ್ಚಿಗೆಯ, ಅಂದ್ರೆ ಒಳಛಾವಣಿಯ ಹಲಗೆಯೂ ಸ್ವಲ್ಪ ಉಂಟಂತೆ.

ಈಗ ಸಾಮಾನು. ಗೆಳೆಯನ ಹತ್ರ ಗೋಡೆ, ಟೈಲ್ಸ್ ಕೊಯ್ಯುವ ಸಣ್ಣ ಗ್ರೈಂಡರ್ ಉಂಟು. ಅದಕ್ಕೇ ಮರ ಕೊಯ್ಯುವ ಹಲ್ಲಿನ ಬ್ಲೇಡು ಸಿಗ್ತದೆ, ಬೇರೆ ಯಂತ್ರ ಬೇಡ ಅಂತ ಅವನು ಹೇಳ್ತಾನೆ. ಆಗ್ತದಾ?

ಕೀಸುಳಿ

ಬೇಡ. ಬೇಡವೇ ಬೇಡ.

4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಹತ್ತು ಸಾವಿರ ಸುತ್ತು ಮೀರಿ ತಿರುಗ್ತದೆ. ಮರ ಕೊಯ್ಯುವ ಯಂತ್ರ ಅದರ ಅರ್ಧದಷ್ಟು ವೇಗದಲ್ಲಿ ಓಡುದು, ಅದಕ್ಕೆ ಗಾರ್ಡ್ ಉಂಟು, ಮರದ ಮೇಲೆ ಕೂರುವ ತಟ್ಟೆ ಉಂಟು. ಗ್ರೈಂಡರಿನ ಗಾರ್ಡ್ ಹಲ್ಲಿನ ಬ್ಲೇಡಿಗೆ ಮಾಡಿದ್ದಲ್ಲ, ತಟ್ಟೆಯಂತೂ ಇಲ್ಲವೇ ಇಲ್ಲ. ಹಲ್ಲು ಮರಕ್ಕೆ ಸಿಕ್ಕಿಕೊಂಡ್ರೆ ಯಂತ್ರ ನಿಮ್ಮ ಕಡೆಗೇ ಹಾರ್ತದೆ, ಹೋಗುದು ತೊಡೆಗೆ, ಇಲ್ಲಾ ಕೈಗೆ, ಇಲ್ಲಾ ಕುತ್ತಿಗೆಗೆ. ಸೈಟಿನಲ್ಲಿ ಎಷ್ಟೋ ಜನ ಅದನ್ನೇ ಹಿಡಿದು ಕೆಲಸ ಮಾಡುದು ನಿಜ, ಅವರ ಬೆರಳು ಎಣಿಸಿ ನೋಡಿ.

ನಿಮಗೆ ಬೇಕಾದ್ದು ಇಷ್ಟು. ಒಂದು ಒಳ್ಳೆ ಕೈಗರಗಸ. ಅರ್ಧ ಇಂಚು ಮತ್ತು ಒಂದು ಇಂಚಿನ ಉಳಿ. ಮೂಲೆಮಟ್ಟ. ಒಂದೇ ಟೇಪು, ಎರಡು ಟೇಪು ಇಟ್ಕೊಂಡ್ರೆ ಎರಡರ ಅಳತೆ ಕೂಡುದಿಲ್ಲ. ಸಣ್ಣ ಕಬ್ಬಿಣದ ಕೀಸುಳಿ. ಕ್ಲ್ಯಾಂಪು ನಾಲ್ಕು, ಆದ್ರೆ ಆರು. ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇದೆಲ್ಲ ಸಿಗ್ತದೆ. ಉಳಿಯ ಬೆಲೆ ನೋಡಿ ಹೆದರ್ಬೇಡಿ. ಅಗ್ಗದ ಉಳಿಯಾದ್ರೂ ಸರಿ, ಮಸೀಲಿಕ್ಕೆ ಕಲೀರಿ. ದಪ್ಪ ಗಾಜಿನ ಮೇಲೆ ನೀರು ಪೇಪರು (ನೀರು ಹಾಕಿ ಉಜ್ಜುವ ಉಪ್ಪು ಕಾಗದ) ಅಂಟಿಸಿ, ಒರಟಿನಿಂದ ನಯಕ್ಕೆ 400, 1000, 2000 ನಂಬರು ಹೀಗೆ. ಕೋನ 25ರಿಂದ 30 ಡಿಗ್ರಿ. ಮುಂಗೈಯ ರೋಮ ತೆಗೀಬೇಕು, ಅಷ್ಟು ಹರಿತ. ಮೊಂಡು ಉಳಿಗೆ ಬಲ ಹಾಕ್ಬೇಕು, ಬಲ ಹಾಕಿದಲ್ಲೇ ಕೈ ಕೊಯ್ದುಹೋಗುದು.

ಮತ್ತೆ ಆ ಹಳೆ ಪಕ್ಕಾಸು ಉಜ್ಜುವಾಗ ಎನ್95 ಮಾಸ್ಕು ಹಾಕಿ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಮಾಡಿನ ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹೊಡೆದಿರಬಹುದು.

ಕುಂದಾಪ್ರದವ

ಹ್ವಾಯ್, ಇಷ್ಟೆಲ್ಲ ಓದಿ ಹೆದ್ರುದ್ ಬ್ಯಾಡ. ಗರಗಸ ಹಿಡುದ್ ಎಂಥ ದೊಡ್ಡ ವಿದ್ಯೆ ಅಲ್ಲ. ಪೆನ್ಸಿಲ್ ಗೆರೆ ಬದ್ಲ್ ಚೂರಿಯಂಗೆ ಗೆರೆ ಎಳೀನಿ, ಗರಗಸ ಅದ್ರಂಗೇ ಕೂಕಂತ್. ಗೆರೆಯಿಂದ ಕೂದ್ಲಷ್ಟ್ ಹೊರಗೆ ಕೊಯ್ನಿ, ಉಳ್ದದ್ ಉಳಿಯಂಗೆ ತೆಗೀನಿ. ಕೊಯ್ದದ್ದ್ ಜಾಸ್ತಿ ಆರೆ ಮತ್ತೆ ಅಂಟ್ಸುಕ್ ಆತ್ತಿಲ್ಲೆ, ನೆನ್ಪಿರ್ಲಿ.

ಕೂಡು ಹ್ಯಾಂಗ್ ಮಾಡ್ತಿದ್ರ್ ಅಂದ್ ಕಾಂಬುದಾರೆ ಮಣಿಪಾಲದ ಹಸ್ತಶಿಲ್ಪ ಗ್ರಾಮಕ್ಕೆ ಒಂದ್ಸಲ ಹೋಯ್ನಿ. ಹಳೆ ಮನೆಗಳನ್ನ ಹಾಂಗೇ ತಂದ್ ನಿಲ್ಸಿದ್ರ್. ಎಲ್ರೂ ಕಂಬದ ಕೆತ್ತನೆ ಫೋಟೊ ತೆಗಿತ್ರ್, ನೀವ್ ಕಂಬ ತೊಲೆಗೆ ಸೇರು ಜಾಗ ಕಾಣಿ.

ಮಲ್ಪೆ ಗಾಳಿ

ಮನೆ ಕಡಲ ಹತ್ರ ಅಲ್ಲದಿದ್ರೂ ಸ್ಕ್ರೂ ವಿಷಯ ಹೇಳ್ತೇನೆ. ಕಪ್ಪು ಬಣ್ಣದ ಜಿಪ್ಸಮ್ ಸ್ಕ್ರೂ ಎಲ್ಲ ಕಡೆ ಸಿಗ್ತದೆ, ಅಗ್ಗ. ಅದು ಮರಕ್ಕಲ್ಲ. ಗಟ್ಟಿ ಮರದಲ್ಲಿ ತಲೆ ಮುರೀತದೆ, ಉಪ್ಪು ಗಾಳಿಗೆ ತುಕ್ಕು ಹಿಡೀತದೆ, ತುಕ್ಕು ಮರಕ್ಕೆ ಇಳಿದು ಕಪ್ಪು ಕಲೆ ಆಗ್ತದೆ. ಸ್ಟೇನ್‌ಲೆಸ್ ಸ್ಟೀಲಿನ 304 ಗ್ರೇಡಿನ ಸ್ಕ್ರೂ ತೆಗೊಳ್ಳಿ. ಕಡಲ ಬದಿಯ ಮನೆ, ತೆರೆದ ಚಾವಡಿ ಆದ್ರೆ 316. ಹಿತ್ತಾಳೆಯದ್ದೂ ಆಗ್ತದೆ. ಆದ್ರೆ ಹಿತ್ತಾಳೆ ಮೆತ್ತಗೆ, ಮೊದಲು ತೂತು ಕೊರೆದು ಒಂದು ಕಬ್ಬಿಣದ ಸ್ಕ್ರೂ ಹಾಕಿ ತೆಗೆದು, ಆಮೇಲೆ ಹಿತ್ತಾಳೆಯದ್ದು ಹಾಕ್ಬೇಕು.

ಗೋಂದು ಬಿಳಿ ಫೆವಿಕಾಲ್ ಎಸ್‌ಎಚ್ ಒಳಗಿನ ಸಾಮಾನಿಗೆ ಸಾಕು. ನೀರು ತಾಗುವಲ್ಲಿ ಫೆವಿಕಾಲ್ ಮರೀನ್. ಜುಲೈಯಲ್ಲಿ ಅಂಟಿಸುದಾದ್ರೆ ಡಬ್ಬಿಯಲ್ಲಿ ಬರೆದ ಹೊತ್ತಿಗಿಂತ ಜಾಸ್ತಿ ಕ್ಲ್ಯಾಂಪಿನಲ್ಲಿ ಬಿಡಿ, ನೀರು ಆರಿದ ಮೇಲೆಯೇ ಅದು ಹಿಡಿಯುದು, ಆರ್ಲಿಕ್ಕೆ ಗಾಳಿಯೇ ಒದ್ದೆ.

ಪಣಂಬೂರು ಬಂದರಿನ ದಾರಿಯಾಗಿ ಬರುವ ಪ್ಯಾಲೆಟ್ (ಸರಕು ಇಡುವ ಮರದ ಅಡಿಹಲಗೆ) ಮರ ಕೆಲವರು ಮಾರ್ತಾರೆ. ಅದರ ಮೇಲೆ ಸುಟ್ಟು ಒತ್ತಿದ ಮುದ್ರೆ ನೋಡಿ. ಎಚ್‌ಟಿ ಅಂತ ಇದ್ರೆ ಬಿಸಿ ಮಾಡಿ ಹುಳ ಕೊಂದದ್ದು, ತೆಗೊಳ್ಬಹುದು. ಎಂಬಿ ಅಂತ ಇದ್ರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಕೊಟ್ಟದ್ದು, ಮನೆಯೊಳಗೆ ಬೇಡ.

ಗೇರುಹಿತ್ಲು

ಗೇರೆಣ್ಣೆ ಮಾತು ಬಂತಲ್ಲ, ಅದನ್ನೇ ಯಾಕೆ ಬೆಂಚಿಗೆ ಹೊಡೀಬಾರ್ದು? ನಮ್ಮ ಮನೆಯ ಅಟ್ಟದ ಮರಕ್ಕೆ ಹೊಡೆದದ್ದು, ಇವತ್ತಿಗೂ ಗೆದ್ದಲು ಹತ್ತಿರ ಬಂದಿಲ್ಲ. ದೋಣಿಗೂ ಅದನ್ನೇ ಹೊಡೀತಿದ್ರು. ಊರಿನದ್ದು ಬಿಟ್ಟು ಪೇಟೆಯ ಪಿಯು (ಪಾಲಿಯುರಿಥೇನ್ ವಾರ್ನಿಶ್) ಯಾಕೆ?

ಪಡುಬಿದ್ರಿ ಅಕ್ಕ

ಅಟ್ಟದ ಮೇಲೆ ಯಾರೂ ಕೂರುದಿಲ್ಲ ಅಣ್ಣ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮಕ್ಕೆ ತಾಗಿದ್ರೆ ಸುಟ್ಟು ಗುಳ್ಳೆ ಏಳ್ತದೆ, ಬೀಜ ಸುಲಿಯುವ ಹೆಂಗಸರ ಕೈ ನೋಡಿದವರಿಗೆ ಗೊತ್ತು. ಚಡ್ಡಿ ಹಾಕಿದ ಮಕ್ಕಳು ಕೂರುವ ಬೆಂಚಿಗೆ ಅದು ಬೇಡ.

ಕೀಸುಳಿ

ಅಕ್ಕ ಹೇಳಿದ್ದೇ ಸರಿ. ಸ್ಪಿರಿಟ್ ಪಾಲಿಶ್ ಚೆಂದ, ಆದ್ರೆ ಮಳೆಗಾಲದಲ್ಲಿ ಹಚ್ಚಿದ್ರೆ ಹಾಲಿನ ಹಾಗೆ ಬೆಳ್ಳಗಾಗ್ತದೆ. ಬಿಸಿ ಗ್ಲಾಸು ಇಟ್ರೂ ಗುರುತು ಬೀಳ್ತದೆ. ಊಟದ ಮೇಜಿಗೆ ಪಿಯು ಒಳ್ಳೆದು. ಬೆಂಚಿಗೆ ಅಗಸೆ ಎಣ್ಣೆ ಕೊಡ್ಬಹುದು, ಆದ್ರೆ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಅಂತ ಕೇಳಿ ತೆಗೊಳ್ಳಿ. ಹಸಿ ಎಣ್ಣೆ ಆರ್ಲಿಕ್ಕೆ ತುಂಬಾ ದಿನ ಬೇಕು, ಆಟಿ ತಿಂಗಳ ಮಳೆಯಲ್ಲಿ ಅದರ ಮೇಲೆ ಬೂಷ್ಟು ಬರ್ತದೆ. ತೆಳ್ಳಗೆ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಹೆಚ್ಚಿನದ್ದನ್ನು ಪೂರ್ತಿ ಒರೆಸಿ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಬಿಸಾಡ್ಬೇಡಿ. ಅಗಸೆ ಎಣ್ಣೆ ಆರುವಾಗ ಬಿಸಿ ಹುಟ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತನ್ನಷ್ಟಕ್ಕೆ ಬೆಂಕಿ ಹಿಡೀತದೆ. ಬಿಡಿಸಿ ಹೊರಗೆ ಹಗ್ಗದಲ್ಲಿ ಹಾಕಿ, ಇಲ್ಲಾ ನೀರಲ್ಲಿ ಅದ್ದಿಡಿ. ಫ್ಲ್ಯಾಟಿನವರಿಗೆ ಇದು ಮುಖ್ಯ.

ಕೊಟ್ಟಾರದ ಹೊಸಬ

ಗ್ರೈಂಡರ್ ವಾಪಸು ಕೊಟ್ಟಾಯ್ತು. ಬೆಂಚಿಗೆ ಹೀಗೆ ಯೋಚನೆ ಮಾಡಿದ್ದೇನೆ: ಉದ್ದ 48 ಇಂಚು, ಎತ್ತರ 18. ಪಕ್ಕಾಸು ಪ್ಲೇನ್ ಮಾಡಿದ್ರೆ ಮೂರೂವರೆ ಇಂಚು ಅಗಲ ಉಳೀತದೆ. ಮೂರು ಪಕ್ಕಾಸನ್ನು ಅಂಟಿಸದೆ, ಕಾಲಿಂಚು ಸಂದು ಬಿಟ್ಟು ಪಕ್ಕ ಪಕ್ಕ ಇಟ್ರೆ 11 ಇಂಚು ಆಸನ. ಸಂದು ಇರುದರಿಂದ ಹಿಗ್ಗುವ ಸಮಸ್ಯೆಯೂ ಇಲ್ಲ ಅಲ್ವಾ? ಕಾಲಿಗೂ ಅದೇ ಪಕ್ಕಾಸು.

ಮೇಜಿನ ಮೇಲ್ಹಲಗೆಗೆ ಮಾತ್ರ ಹೊಸ ಮರ ತೆಗೊಳ್ಬೇಕು. 30 ಇಂಚು ಅಗಲ, 5 ಅಡಿ ಉದ್ದ. 6 ಇಂಚಿನ ಹಲಗೆ ಐದು ಸಾಕಲ್ವಾ? ಮರ ಮಾರುವ ಸಿಎಫ್‌ಟಿ (ಘನ ಅಡಿ) ಲೆಕ್ಕ ನನಗೆ ಅರ್ಥ ಆಗುದಿಲ್ಲ.

ಸುರತ್ಕಲ್ ಲೆಕ್ಕ

ಬೆಂಚಿನ ಯೋಚನೆ ಚೆನ್ನಾಗುಂಟು. ಮೇಜು ಮಾಡುವಾಗ ಆಸನಕ್ಕೂ ಮೇಲ್ಹಲಗೆಗೂ 12 ಇಂಚು ಅಂತರ ಇಟ್ಕೊಳ್ಳಿ, ಅಂದ್ರೆ ಮೇಜು 30 ಇಂಚು ಎತ್ತರ.

ಸಿಎಫ್‌ಟಿ ಸುಲಭ. ದಪ್ಪ ಇಂಚಿನಲ್ಲಿ, ಅಗಲ ಇಂಚಿನಲ್ಲಿ, ಉದ್ದ ಅಡಿಯಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಐದು ಹಲಗೆ ಸಾಕಾಗುದಿಲ್ಲ. 6 ಇಂಚಿನ ಹಲಗೆಯ ಎರಡು ಅಂಚು ನೇರ ಮಾಡಿದ್ರೆ ಐದೂವರೆ ಉಳೀತದೆ, ಐದಕ್ಕೆ ಇಪ್ಪತ್ತೇಳೂವರೆ ಮಾತ್ರ. ಆರು ತೆಗೊಳ್ಳಿ. ದಪ್ಪವೂ ಹಾಗೆ, ಒಂದಿಂಚು ಕೈಗೆ ಸಿಗ್ಬೇಕಾದ್ರೆ ಒಂದೂಕಾಲು ಇಂಚಿನದ್ದು ಕೇಳಿ. 1.25×6×5, ಹಲಗೆ ಆರು, ಭಾಗಿಸು 144. 1.56 ಸಿಎಫ್‌ಟಿ. ಬಿಲ್ಲಿನಲ್ಲಿ ಎರಡು ಅಂತ ಬರೆದ್ರೆ ಕೇಳಿ.

ತಂದ ಹಲಗೆಯನ್ನು ಕೂಡಲೇ ಕೊಯ್ಬೇಡಿ. ಮನೆಯೊಳಗೆ ನಡುನಡುವೆ ರೀಪು ತುಂಡು ಇಟ್ಟು ಪೇರಿಸಿ ಕೆಲವು ವಾರ ಬಿಡಿ. ಡೊಂಕಾಗುವ ಹಲಗೆ ಆವಾಗಲೇ ಆಗ್ಲಿ.

ಕಪಾಟಿಗೆ ಪ್ಲೈ ಅಂತ ತೀರ್ಮಾನ ಆದ್ರೆ ಒಂದು ಮಾತು. ಪುಸ್ತಕ ಸಾಲಾಗಿ ತುಂಬಿದ್ರೆ ಅಡಿಗೆ ಹತ್ತು ಕಿಲೋ ಹತ್ತಿರ ಬರ್ತದೆ. ಹಲಗೆಯ ಉದ್ದ ಎರಡು ಪಟ್ಟಾದ್ರೆ ಜೋಲುದು ಹದಿನಾರು ಪಟ್ಟು. 18 ಮಿಲಿಮೀಟರ್ ಪ್ಲೈಗೆ ಎರಡೂವರೆ ಅಡಿಗಿಂತ ಜಾಸ್ತಿ ಬೇಡ, ಮುಂದಿನ ಅಂಚಿಗೆ ಒಂದೂವರೆ ಇಂಚಿನ ಮರದ ಪಟ್ಟಿ ಅಂಟಿಸಿದ್ರೆ ಇನ್ನೂ ಗಟ್ಟಿ. ಮತ್ತೆ ಹೊರಗೋಡೆಗೆ ಒತ್ತಿ ಇಡ್ಬೇಡಿ, ಎರಡಿಂಚು ಬಿಡಿ. ನಮ್ಮ ಮಳೆಗೆ ಗೋಡೆ ಬೆವರ್ತದೆ, ಬೂಷ್ಟು ಮೊದಲು ಬರುದು ಕಪಾಟಿನ ಬೆನ್ನಿಗೆ.

ಗೇರುಹಿತ್ಲು

ಹೊಸ ಮರ ದುಡ್ಡು ಕೊಟ್ಟು ಯಾಕೆ? ಅಜ್ಜನ ತೋಟದಲ್ಲಿ ಹಲಸಿನ ಮರ ಇರ್ಬಹುದಲ್ಲ, ಒಂದು ಕಡಿಸಿ.

ಉಡುಪಿ ಇಂಟೀರಿಯರ್ಸ್

ಹಾಗೆ ಮನಸ್ಸು ಬಂದ ಹಾಗೆ ಕಡೀಲಿಕ್ಕೆ ಆಗುದಿಲ್ಲ. 1976ರ ಕರ್ನಾಟಕ ಮರ ಸಂರಕ್ಷಣೆ ಕಾಯ್ದೆ ಉಂಟು. ತೆಂಗು, ರಬ್ಬರು, ಸಿಲ್ವರ್ ಓಕಿನಂಥ ಕೆಲವಕ್ಕೆ ವಿನಾಯಿತಿ. ಉಳಿದದ್ದಕ್ಕೆ ಸ್ವಂತ ಜಾಗದ ಮರ ಆದ್ರೂ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ಮರ ಸಾಗಿಸ್ಲಿಕ್ಕೆ ಪಾಸ್ ಬೇಕಾ ಅಂತಲೂ ಅಲ್ಲೇ ವಿಚಾರಿಸಿ. ಮತ್ತೆ ಇವತ್ತು ಕಡಿದ ಮರ ಮೇಜಾಗ್ಲಿಕ್ಕೆ ಇಂಚು ದಪ್ಪಕ್ಕೆ ಒಂದು ವರ್ಷ ಒಣಗ್ಬೇಕು, ಅಷ್ಟರವರೆಗೆ ನೆಲದಲ್ಲಿ ಕೂತು ಊಟ ಮಾಡ್ತಾರಾ?

ಕೊಟ್ಟಾರದ ಹೊಸಬ

ಇಲ್ಲ ಇಲ್ಲ, ಮರ ಕಡಿಸುದಿಲ್ಲ. ಆದಿತ್ಯವಾರ ಬಂಟ್ವಾಳಕ್ಕೆ ಹೋಗಿ ಆಣಿ ತೆಗೀಲಿಕ್ಕೆ ಶುರು ಮಾಡ್ತೇನೆ. ಎರಡು ಪ್ರಶ್ನೆ ಉಳಿದಿದೆ. ಕಾಲಿಗೂ ಅಡ್ಡಪಟ್ಟಿಗೂ ಕೂಡು ಹೇಗೆ? ಮಾರ್ಟಿಸ್ ಟೆನನ್ (ಒಂದು ತುಂಡಿನ ತೂತಿಗೆ ಇನ್ನೊಂದರ ನಾಲಿಗೆ ಕೂರಿಸುವ ಕೂಡು) ನೋಡಿದ್ರೇ ಭಯ ಆಗ್ತದೆ. ಮತ್ತೆ ಕಾಲಿನ ಅಡಿ ದಿನಾ ನೆಲ ಒರೆಸುವ ನೀರು ತಾಗ್ತದಲ್ಲ?

ಕೀಸುಳಿ

ಮೊದಲ ಬೆಂಚಿಗೆ ಅರ್ಧಕ್ಕರ್ಧ ಕೂಡು ಸಾಕು. ಎರಡು ತುಂಡನ್ನೂ ಅರ್ಧ ದಪ್ಪಕ್ಕೆ ಕೆತ್ತಿ ಒಂದರ ಮೇಲೊಂದು ಕೂರಿಸುದು. ಗರಗಸದಲ್ಲಿ ಆ ಜಾಗಕ್ಕೆ ಸಾಲಾಗಿ ಏಳೆಂಟು ಗೀರು ಹಾಕಿ, ಉಳಿಯಿಂದ ತಟ್ಟಿದ್ರೆ ತುಂಡು ತುಂಡಾಗಿ ಏಳ್ತದೆ. ಅಡಿಯನ್ನು ಉಳಿಯಲ್ಲೇ ಸಮ ಮಾಡಿ. ಗೋಂದು ಹಚ್ಚಿ ಕ್ಲ್ಯಾಂಪ್ ಮಾಡಿದ ಮೇಲೆ ಮೂಲೆಯಿಂದ ಮೂಲೆಗೆ ಟೇಪು ಹಿಡೀರಿ, ಎರಡು ಕರ್ಣವೂ ಒಂದೇ ಅಳತೆ ಬಂದ್ರೆ ಚೌಕ ಸರಿ ಉಂಟು. ಗೋಂದು ಆರಿದ ಮೇಲೆ ಎರಡೆರಡು ತೂತು ಕೊರೆದು ಒಣ ಬಿದಿರಿನ ಮೊಳೆ ಹೊಡೀರಿ. ಬಲಿತ ಬಿದಿರೇ ಆಗ್ಬೇಕು. ತುದಿ ಸ್ವಲ್ಪ ಕೂರಾಗಿ ಕೆತ್ತಿ, ತೂತಿಗಿಂತ ಚೂರೇ ಚೂರು ದಪ್ಪ ಇರ್ಲಿ.

ಕಾಲಿನ ಅಡಿಯಲ್ಲಿ ಮರದ ನಾರಿನ ಬಾಯಿ ತೆರೆದಿರ್ತದೆ, ನೀರು ಹೀರುದು ಅಲ್ಲಿ. ಮರೀನ್ ಗೋಂದಿಗೆ ಸ್ವಲ್ಪ ನೀರು ಬೆರೆಸಿ ಎರಡು ಸಲ ಹಚ್ಚಿ, ಆರಿದ ಮೇಲೆ ನೈಲಾನ್ ಬುಷ್ ಹೊಡೀರಿ. ನೆಲಕ್ಕೂ ಮರಕ್ಕೂ ಕಾಲಿಂಚು ಅಂತರ ಬಂದ್ರೆ ಸಾಕು.

ಮಿಲ್ಲಿಗೆ ಹೋಗುವಾಗ ಪಕ್ಕಾಸನ್ನು ಬೇಕಾದ ಉದ್ದಕ್ಕಿಂತ ಎರಡಿಂಚು ಜಾಸ್ತಿ ಬಿಟ್ಟು ಕತ್ತರಿಸಿ ಕೊಂಡೋಗಿ, ಪ್ಲೇನರಿನಲ್ಲಿ ತುದಿ ಸ್ವಲ್ಪ ತಿನ್ತದೆ. ತೀರಾ ಗಿಡ್ಡ ತುಂಡು ಅವರು ಯಂತ್ರಕ್ಕೆ ಕೊಡುದಿಲ್ಲ, ಹಾಗಾಗಿ ಬೆಂಚಿನ ಕಾಲಿಗೆ ಬೇಕಾದ್ದನ್ನು ಒಂದೇ ಉದ್ದ ತುಂಡಾಗಿ ಪ್ಲೇನ್ ಮಾಡಿಸಿ, ಮನೆಯಲ್ಲಿ ಕತ್ತರಿಸಿ.

ಪಡುಬಿದ್ರಿ ಅಕ್ಕ

ಮುಚ್ಚಿಗೆ ಹಲಗೆ ಉಂಟು ಅಂದ್ರಲ್ಲ, ಅದರಲ್ಲಿ ಒಂದೂವರೆ ಅಡಿ ತೆಗೆದಿಡಿ. ಮಣೆ ಮಾಡದೆ ಬೆಂಚಿಗೆ ಹೋದದ್ದು ನನಗೆ ಗೊತ್ತಾಗ್ತದೆ.